ಭೀಮಶಾನ ಹನ್ನೊಂದು ಗುಂಡಿ

ಶಹಾಬಾದದಿಂದ ವಾಡಿಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಒಂದು ಮೈಲಿ ನಡೆದರೆ, ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯ ದಂಡೆಗೆ ಒಂದು ಒಂಟಿ ಮನೆ ಕಾಣುತ್ತದೆ. ಗೋಡೆ ಫರ್ಸಿಕಲ್ಲು, ನೆಲ ಫರ್ಸಿಕಲ್ಲು, ಮಾಳಿಗೆಗೆ ಹೊದಿಸಿದ್ದೂ ಫರ್ಸಿಕಲ್ಲೇ. ಅದನ್ನು ಭೀಮಶಾ ತನ್ನ ಎರಡು ಕೈಯಿಂದ ಕಟ್ಟಿದ. ಒಂಬತ್ತು ವರ್ಷ ಹಿಡಿಯಿತು. ಮೂಲೆ ಮುರಿದು ಮಾರಾಟಕ್ಕೆ ಬಾರದ ಹಾಸುಗಲ್ಲುಗಳನ್ನು ಖಣಿಯ ಮಾಲೀಕನಿಗೆ ಹೇಳಿಯೇ ತಂದು, ಆದಿತ್ಯವಾರಕ್ಕೊಂದಿಷ್ಟು, ಹಬ್ಬದ ರಜೆಗೊಂದಿಷ್ಟು ಎಂದು ಏರಿಸುತ್ತ ಹೋದ. "ಯಾರ ಕಡಿಂದ ಕಟ್ಟಿಸೀರಿ?" ಎಂದು ಯಾರಾದರೂ ಕೇಳಿದರೆ ಮುಖ ಗಂಟಿಕ್ಕುತ್ತಿದ್ದ. ಗೌಂಡಿಯನ್ನು ಒಂದು ದಿನಕ್ಕೂ ಕರೆಯದ ಮನುಷ್ಯನಿಗೆ ಆ ಮಾತು ಬೈಗುಳವಾಗಿ ಕೇಳಿಸುತ್ತಿತ್ತು.

ಆತನ ಹಿರಿಯರು ಕಾಗಿಣಾ ಹೊಳೆಯ ದಂಡೆಯವರು. ಅಜ್ಜ ಹರಗೋಲು ಹಾಕುತ್ತಿದ್ದ. ಅಪ್ಪ ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ, ಸವತೆ ಬೆಳೆಯುತ್ತಿದ್ದ. ಸೇತುವೆ ಬಂದು ಹರಗೋಲು ಮೂಲೆ ಸೇರಿತು, ಉಸುಕು ಲಾರಿ ಹತ್ತಿ ಹೋಯಿತು. ಹಾಗಾಗಿ ಭೀಮಶಾ ಮೀಸೆ ಮೂಡುವ ಮೊದಲೇ ಖಣಿಗೆ ಇಳಿದ. ನೀರಿನ ಮನೆತನದವನು ಕಲ್ಲಿನವನಾದ, ಮತ್ತು ಎಂಥ ಕಲ್ಲಿನವನಾದ ಎಂದರೆ ಆ ಭಾಗದಲ್ಲಿ ಆತನ ಕೈಯನ್ನು ಹೊಗಳದ ಖಣಿಯಿರಲಿಲ್ಲ.

ಶಹಾಬಾದದ ಕಲ್ಲು ನೆಲದೊಳಗೆ ಪದರು ಪದರಾಗಿ ಮಲಗಿರುತ್ತದೆ. ಒಂದು ಪದರನ್ನು ಗೆರೆ ಹೊಡೆದು, ಬದಿಯಿಂದ ಹಾರೆ ತೂರಿಸಿ, ನಿಧಾನಕ್ಕೆ ಮೀಟಿ ಎಬ್ಬಿಸಬೇಕು. ಎಬ್ಬಿಸುವಾಗ ಕೆಳಗಿನ ಪದರಿಗೆ ಪೆಟ್ಟು ತಾಗಬಾರದು. ಅದು ನಾಳೆಯ ಕೂಳು. ಅದರಲ್ಲಿ ಒಂದು ಸೀಳು ಬಿದ್ದರೂ ನಾಳೆ ಆ ಹಾಸು ಎರಡಾಗುತ್ತದೆ. ಕೆಳಗಿನ ಪದರು ಒಡೆದವನನ್ನು ಖಣಿಯಲ್ಲಿ ಯಾರೂ ಬೈಯುವುದಿಲ್ಲ, ಸುಮ್ಮನೆ ಮರುದಿನ ಅವನ ಕೈಗೆ ಹಾರೆ ಕೊಡದೆ ಬುಟ್ಟಿ ಕೊಡುತ್ತಾರೆ. ಭೀಮಶಾನ ಕೈಗೆ ನಲವತ್ತು ವರ್ಷದಲ್ಲಿ ಒಮ್ಮೆಯೂ ಬುಟ್ಟಿ ಬರಲಿಲ್ಲ. ಆತ ಎಬ್ಬಿಸಿದ ಮೇಲೆ ಕೆಳಗಿನ ಕಲ್ಲು ಈಗಷ್ಟೇ ಸಾರಿಸಿದ ನೆಲದಂತೆ ನುಣ್ಣಗೆ ಬಿದ್ದಿರುತ್ತಿತ್ತು. ಅದೊಂದೇ ಆತನ ಜಂಬ. ಇದ್ದಷ್ಟೂ ಜಂಬವನ್ನು ಅದರಲ್ಲೇ ಹಾಕಿದ್ದ.

ಹೆಂಡತಿ ಮರೆಮ್ಮ ಇಪ್ಪತ್ತಾರು ವರ್ಷ ಫರ್ಸಿ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕಲ್ಲು ಹೊತ್ತವಳು. ಅಲ್ಲಿನ ಬಿಳಿ ಧೂಳು ಅವಳ ತಲೆಗೂದಲಿಗೆ ವಯಸ್ಸಾಗುವ ಮೊದಲೇ ವಯಸ್ಸು ತಂದಿತು, ಆಮೇಲೆ ಎದೆಯೊಳಗೆ ಇಳಿಯಿತು. ನಾಲ್ಕು ಹೆಜ್ಜೆ ನಡೆದರೆ ದಮ್ಮು. ಮನೆ ಮುಗಿದ ವರ್ಷವೇ ಅವಳು ಕೆಲಸ ಬಿಟ್ಟಳು, ಅಂದರೆ ಕೆಲಸ ಅವಳನ್ನು ಬಿಟ್ಟಿತು. ಕಲಬುರಗಿಯ ದವಾಖಾನೆಯ ಡಾಕ್ಟರು ಗುಳಿಗೆ, ಎಳೆದುಕೊಳ್ಳುವ ಪಂಪು ಬರೆದುಕೊಟ್ಟು, "ಇವರನ್ನು ತಂಪು ಇರೋ ಕಡೆ ಇಡ್ರಿ. ಬಿಸಿಲಿನ ಝಳ ತಾಗಬಾರದು" ಎಂದರು.

ತಂಪು ಇರುವ ಕಡೆ! ಭೀಮಶಾ ಆ ಮಾತು ಕೇಳಿಕೊಂಡು ಬಂದು ತನ್ನ ಮನೆಯ ಮುಂದೆ ನಿಂತು ನೋಡಿದ. ಸುತ್ತ ಒಂದು ಗಿಡವಿಲ್ಲ. ಗೇಣು ಮಣ್ಣಿನ ಕೆಳಗೆ ಕಲ್ಲು, ಕಲ್ಲಿನ ಕೆಳಗೆ ಕಲ್ಲು. ಏಪ್ರಿಲಿನಲ್ಲಿ ಹೊತ್ತು ಏರಿದರೆ ಮಾಳಿಗೆ, ಗೋಡೆ, ನೆಲ ಎಲ್ಲ ಒಟ್ಟಿಗೆ ಕಾಯುತ್ತಿದ್ದವು. ಹೊತ್ತು ಮುಳುಗಿ ಊರೆಲ್ಲ ತಣ್ಣಗಾದರೂ ಕಲ್ಲು ಹಗಲಿನ ಬಿಸಿಯನ್ನು ಬಿಡುತ್ತಲೇ ಇರುತ್ತಿತ್ತು. ಮಾಳಿಗೆಯ ಮೇಲೆ ಗೋಣಿಚೀಲ ಹಾಸಿ ನೀರು ಹೊಡೆದ. ಆವಿ ಎದ್ದು ಮರೆಮ್ಮನಿಗೆ ಇನ್ನಷ್ಟು ಉಸಿರು ಕಟ್ಟಿತು. ಒಂಬತ್ತು ವರ್ಷ ಕಟ್ಟಿದ ಮನೆಯನ್ನು ಅವಳು ಒಂದೇ ಮಾತಿನಲ್ಲಿ ತೂಗಿದಳು.

"ಮನಿ ಭಾಳ ಚಂದ ಅದ್ರಿ. ಖರೆ, ಒಳಗ ಕುಂದ್ರಲಿಕ್ಕಿ ಬರಂಗಿಲ್ಲ."

ಅವಳು ಚುಚ್ಚಬೇಕೆಂದು ಅಂದದ್ದಲ್ಲ. ಇದ್ದದ್ದು ಹೇಳಿದಳು, ಅಷ್ಟೆ. ಆದರೂ ಭೀಮಶಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆ ಬೇಸಿಗೆ ಮಗಳು ಅಂಬಿಕಾ ಬಂದು ತಾಯಿಯನ್ನು ಚಿಂಚೋಳಿ ಕಡೆಯ ಚಿಮ್ಮನಚೋಡಕ್ಕೆ, ತನ್ನ ಗಂಡನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಮಣ್ಣಿನ ಮಾಳಿಗೆ, ಅಂಗಳದಲ್ಲಿ ದೊಡ್ಡ ಬೇವಿನ ಮರ. ಮರೆಮ್ಮ ಮಳೆ ಬೀಳುವ ತನಕ ಅಲ್ಲೇ ಉಳಿದಳು. ಮರುವರ್ಷವೂ ಹಾಗೇ ಆಯಿತು. ಬೀಗರ ಮನೆಯಲ್ಲಿ ಹೆಂಡತಿಯನ್ನು ಮೂರು ಮೂರು ತಿಂಗಳು ಇಡುವುದೆಂದರೆ ಮರ್ಯಾದೆಯ ಮಾತಲ್ಲ, ಸರಿ. ಆದರೆ ಭೀಮಶಾನನ್ನು ತಿಂದದ್ದು ಮರ್ಯಾದೆಯಲ್ಲ. ರೊಟ್ಟಿ ತಟ್ಟಲು ಆತನಿಗೆ ಬರುತ್ತಿತ್ತು, ಒಬ್ಬನೇ ಕೂತು ತಿನ್ನಲು ಬರುತ್ತಿರಲಿಲ್ಲ. ಬಾಯಿಬಿಟ್ಟು ಹೇಳುವ ಗಂಡಸಲ್ಲ. ಹೆಂಡತಿ ಬೇಸಿಗೆಯಲ್ಲೂ ಈ ಮನೆಯಲ್ಲೇ ಇರಬೇಕು, ಅದಕ್ಕೆ ಮನೆಗೆ ನೆರಳಾಗಬೇಕು. ಇಷ್ಟನ್ನು ತಲೆಯಲ್ಲಿ ಕಟ್ಟಿಕೊಂಡ.

ಚಿತ್ತಾಪುರ ರಸ್ತೆಗೆ ಹಾಜಿಮಲಂಗ್ ಎಂಬಾತ ಸಸಿ ಮಾರುತ್ತಿದ್ದ. ಭೀಮಶಾ ಹೋಗಿ, ಬೇಗ ಬೆಳೆದು ಮನೆ ಮುಚ್ಚುವ ಗಿಡ ಯಾವುದೆಂದು ಕೇಳಿದ.

"ನುಗ್ಗಿ ಹಚ್ಚರಿ ಕಾಕಾ, ವರ್ಷಕ್ಕ ಮಾಳಿಗಿ ದಾಟ್ತದ. ನಡುವ ಪಪ್ಪಾಯಿ ಇರ್ಲಿ. ಮುಂದಿನ ದಿನಕ್ಕ ಬೇವು," ಎಂದ ಹಾಜಿಮಲಂಗ್. "ಗುಂಡಿ ಮಾತ್ರ ಛಲೋ ತೆಗೀರಿ. ಮೂರು ಫೂಟು ಅಗಲ, ಮೂರು ಫೂಟು ಆಳ. ಗುಂಡಿ ಛಲೋ ಇದ್ರ ಗಿಡ ಛಲೋ."

"ಗುಂಡಿ ತೆಗಿಯೋದು ನನಗ ಹೇಳ್ತಿ ಏನೋ ತಮ್ಮಾ," ಎಂದು ಭೀಮಶಾ ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದ.

ಬಿಸಿಲು ಬೀಳುವ ಪಡುವಣ ಗೋಡೆಗೆ ಆರು, ತೆಂಕಣಕ್ಕೆ ಐದು, ಒಟ್ಟು ಹನ್ನೊಂದು ಗುಂಡಿಗೆ ಗೆರೆ ಹಾಕಿದ. ಆ ಚಳಿಗಾಲವಿಡೀ ಖಣಿಯ ಕೆಲಸ ಮುಗಿಸಿ ಬಂದು, ಚಹಾ ಕುಡಿದು, ಮತ್ತೆ ಹಾರೆ ಹಿಡಿಯುತ್ತಿದ್ದ. ಬೇರೆ ಯಾರೇ ಆಗಿದ್ದರೂ ಆ ಕಲ್ಲನ್ನು ಬಡಿದು, ಪುಡಿ ಮಾಡಿ, ಹೇಗೋ ಒಂದು ತೂತು ಕೊರೆದು ಕೈತೊಳೆದುಕೊಳ್ಳುತ್ತಿದ್ದರು. ಭೀಮಶಾ ಹಾಗೆ ಮಾಡುವನೆ? ನಾಲ್ಕೂ ಬದಿ ಗೆರೆ ಹೊಡೆದು, ಒಂದೊಂದೇ ಪದರನ್ನು ಇಡಿಯಾಗಿ ಎಬ್ಬಿಸಿ, ಐದಾರು ಪದರು ಇಳಿದು, ಕೊನೆಯ ಪದರಿಗೆ ಒಂದು ಗೀರೂ ಬೀಳದಂತೆ ನಿಲ್ಲಿಸಿದ. ಮೂಲೆಗಳು ಗೌಂಡಿಯ ಮೂಲೆಮಟ್ಟ ಇಟ್ಟು ನೋಡಿದರೂ ಸರಿಹೋಗುವಂತಿದ್ದವು. ಹನ್ನೊಂದಕ್ಕೆ ಹನ್ನೊಂದೂ ಹಾಗೇ. ಎದ್ದ ಕಲ್ಲುಗಳಿಂದ ಸುತ್ತ ಮೊಣಕಾಲೆತ್ತರದ ಕಂಪೌಂಡೂ ಆಯಿತು.

ಖಣಿಯ ಗೆಳೆಯ ಭಗವಂತ ನೋಡಲು ಬಂದು ಒಂದು ಗುಂಡಿಯೊಳಗೆ ಇಳಿದು, ತಳದ ಕಲ್ಲನ್ನು ಅಂಗೈಯಿಂದ ಸವರಿದ.

"ಏನ್ ತೆಗದೀಯೋ ಭೀಮಶಾ. ಇದರಾಗ ಗಿಡ ಯಾಕ ಹಚ್ತಿ, ಜಳಕ ಮಾಡ್ಲಿಕ್ಕಿ ಬರ್ತದ."

ಭೀಮಶಾ ಆ ಮಾತಿಗೆ ಉಬ್ಬಿಹೋದ. ಪರೀಕ್ಷೆಗೆಂದು ಒಂದು ಗುಂಡಿಗೆ ನಾಲ್ಕು ಕೊಡ ನೀರು ಸುರಿದ. ಮರುದಿನ ಸಂಜೆಗೂ ನೀರು ಹಾಗೇ ನಿಂತಿತ್ತು. "ನೋಡಲೇ, ಒಂದು ಹನಿ ಎಲ್ಲೂ ಹೋಗಂಗಿಲ್ಲ. ಬ್ಯಾಸಗ್ಯಾಗ ಒಂದು ಕೊಡ ಹಾಕಿದ್ರ ನಾಲ್ಕು ದಿನ ಸಾಕು," ಎಂದು ಮರೆಮ್ಮನನ್ನು ಕರೆದು ತೋರಿಸಿದ. ಟ್ಯಾಂಕರ್ ನೀರಿಗೆ ಕಾಯುವ ಆ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಅವಳೂ ಖುಷಿಪಟ್ಟಳು. ಗುಂಡಿ ನೋಡಿದವರೆಲ್ಲ ಕಲ್ಲಿನ ಜನ. ಕಲ್ಲು ಗಟ್ಟಿಯಾಗಿದ್ದರೆ ಎಲ್ಲವೂ ಸರಿ ಎಂದು ತಿಳಿದವರು. ಯಾರಿಗೂ ಅನುಮಾನ ಬರಲಿಲ್ಲ.

ಮಣ್ಣನ್ನು ಆತ ಕಾಗಿಣಾ ದಂಡೆಯಿಂದ ತಂದ. ಸಿಮೆಂಟಿನ ಖಾಲಿ ಚೀಲದಲ್ಲಿ ಕರೀ ಮಣ್ಣು ತುಂಬಿ, ತನ್ನ ಹಳೆಯ ಮೊಪೆಡ್ಡಿನ ಮುಂದೆ ಒಂದು, ಹಿಂದೆ ಒಂದು ಕಟ್ಟಿ, ನೂರಾರು ಸಲ. ಜೂನಿನ ಮೊದಲ ಮಳೆಗೆ ಸಸಿಗಳು ನೆಲ ಕಂಡವು. ಆರು ನುಗ್ಗೆ, ಮೂರು ಪಪ್ಪಾಯಿ, ಎರಡು ಬೇವು. ಅಂಚಿಗೆ ಮರೆಮ್ಮ ತನ್ನ ಪಾಲಿಗೆಂದು ಹೀರೆ, ಪುಂಡಿಪಲ್ಲೆ ಬೀಜ ಊರಿದಳು.

ಆ ವರ್ಷ ಮಳೆ ಕಡಿಮೆ. ಬೇರೆಯವರ ತೊಗರಿ ಒಣಗುತ್ತಿದ್ದಾಗ ಭೀಮಶಾನ ಗಿಡಗಳು ನೀರು ಕುಡಿದು ಮದವೇರಿದಂತೆ ಬೆಳೆದವು. ದೀಪಾವಳಿಗೆ ನುಗ್ಗೆ ಕಿಟಕಿ ಮುಟ್ಟಿತು, ಶಿವರಾತ್ರಿಗೆ ಮಾಳಿಗೆ ದಾಟಿತು. ಪಪ್ಪಾಯಿ ಕಾಯಿ ಕಚ್ಚಿತು. ಮಾರ್ಚಿನ ಒಂದು ಮಧ್ಯಾಹ್ನ ಖಣಿಯಿಂದ ಬೇಗ ಬಂದ ಭೀಮಶಾ ನೋಡುತ್ತಾನೆ: ಪಡುವಣ ಗೋಡೆಯ ಮೇಲೆ ಅಲ್ಲಾಡುವ ನೆರಳು ಬಿದ್ದಿದೆ, ಅದರ ಬುಡಕ್ಕೆ ಚಾಪೆ ಹಾಕಿಕೊಂಡು ಮರೆಮ್ಮ ನಿದ್ದೆ ಹೋಗಿದ್ದಾಳೆ. ಗೊರಗೊರ ಸದ್ದಿಲ್ಲ. ಎದೆ ಸಮಾಧಾನವಾಗಿ ಏರಿ ಇಳಿಯುತ್ತಿದೆ. ಆತ ಸೈಕಲ್ ಸ್ಟ್ಯಾಂಡಿನಂತೆ ಒಂದೇ ಕಾಲಿನ ಮೇಲೆ ಭಾರ ಹಾಕಿ ಬಹಳ ಹೊತ್ತು ನಿಂತ. ಚಪ್ಪಲಿಯ ಸಪ್ಪಳಕ್ಕೆ ಅವಳಿಗೆ ಎಚ್ಚರವಾದೀತೆಂಬ ಹೆದರಿಕೆ. ಆತನ ಬದುಕಿನಲ್ಲಿ ಸುಖವೆಂದು ಹೇಳಬಹುದಾದದ್ದು ಅದೇ, ಅಷ್ಟೇ ಹೊತ್ತು.

ಆ ಸಲ ಮರೆಮ್ಮ ಮೇ ತಿಂಗಳೊಂದನ್ನೇ ಚಿಮ್ಮನಚೋಡದಲ್ಲಿ ಕಳೆದಳು. ಹೋಗುವಾಗ, "ಬರೋ ವರ್ಷ ಎಲ್ಲೂ ಹೋಗಂಗಿಲ್ಲ ನಾ. ಅಂಬಿಕಾನೇ ಮಕ್ಕಳು ಕರಕೊಂಡು ಇಲ್ಲಿ ಬರ್ಲಿ," ಎಂದಳು. ಭೀಮಶಾ ತಲೆಯಾಡಿಸಿದ.

ಮುಂದಿನ ಮಳೆಗಾಲ ಎಲ್ಲರೂ ಹೊಗಳಿದ ಮಳೆಗಾಲ. ಆಗಸ್ಟಿನಲ್ಲಿ ಹಿಡಿದ ಮಳೆ ಬಿಡಲಿಲ್ಲ. ಕಾಗಿಣಾ ಎರಡು ಸಲ ಸೇತುವೆಯ ಮೇಲೆ ಹರಿಯಿತು, ಖಣಿಗಳೆಲ್ಲ ಕೆರೆಗಳಾದವು, ಕೆಲಸ ನಿಂತಿತು. ಭೀಮಶಾ ಮನೆಯಲ್ಲೇ ಕೂತು ತನ್ನ ಗಿಡ ನೋಡುತ್ತಿದ್ದ. ಮೊದಲು ಪಪ್ಪಾಯಿಯ ಎಲೆ ಹಳದಿಯಾಗಿ ಜೋತುಬಿತ್ತು. ಗೊಬ್ಬರ ಸಾಲದೆಂದು ಆಡಿನ ಹಿಕ್ಕೆ ತಂದು ಹಾಕಿದ. ವಾರಕ್ಕೆ ಮೂರೂ ಪಪ್ಪಾಯಿ ಬಾಗಿ ಬಿದ್ದವು. ಆಮೇಲೆ ನುಗ್ಗೆ ಎಲೆ ಉದುರಿಸತೊಡಗಿತು. ಮಳೆ ಎರಡು ದಿನ ಬಿಡುವು ಕೊಟ್ಟು ಬಿಸಿಲು ಬಿದ್ದಾಗ ಉಳಿದ ಎಲೆಯೂ ಬಾಡಿತು. ಬಾಡಿದ ಗಿಡಕ್ಕೆ ಏನು ಬೇಕು? ಭೀಮಶಾ ಕೊಡ ಎತ್ತಿಕೊಂಡು ಹೋಗಿ ನೀರು ಹಾಕಿದ.

ದೇವರೇ, ಅಷ್ಟು ನೀರಿನಲ್ಲಿ ನಿಂತ ಗಿಡಕ್ಕೆ ಮತ್ತೆ ನೀರು ಹಾಕಿದ.

ಹೇಳಿಕಳಿಸಿದ ಮೇಲೆ ಹಾಜಿಮಲಂಗ್ ಬಂದ. ಒಂದು ನುಗ್ಗೆಯನ್ನು ಹಿಡಿದು ಅಲುಗಿಸಿದರೆ ಗಿಡವೇ ಕೈಗೆ ಬಂತು. ಬೇರು ಕಪ್ಪಾಗಿ, ಲೋಳೆಯಾಗಿ, ಗಟಾರದ ವಾಸನೆ ಹೊಡೆಯುತ್ತಿತ್ತು. ಆತ ಗುಂಡಿಯೊಳಗೆ ಒಂದು ಕೋಲು ಚುಚ್ಚಿದ. ಅದು ಕೆಸರಿನಲ್ಲಿ ಸರಾಗವಾಗಿ ಇಳಿದು ತಳಕ್ಕೆ ಟಣ್ ಎಂದು ಬಡಿಯಿತು.

"ತಳ ಒಡದಿಲ್ಲೇನ್ರಿ ಕಾಕಾ?"

"ತಳ ಯಾಕ ಒಡೀಬೇಕು?" ಭೀಮಶಾನಿಗೆ ಅಸಹ್ಯವಾದ ಪ್ರಶ್ನೆ ಕೇಳಿದಂತಾಯಿತು. "ನಾ ಎಂದೂ ತಳ ಒಡದಾಂವ ಅಲ್ಲ."

"ಇದು ಗುಂಡಿ ಅಲ್ರಿ, ನೀರಿನ ತೊಟ್ಟಿ ಆಗ್ಯಾದ. ನೀರು ಇಳಿದು ಹೋಗ್ಲಿಕ್ಕಿ ದಾರಿನೇ ಇಲ್ಲ. ಬೇರಿಗಿ ಗಾಳಿ ಬೇಕಲ್ರಿ ಕಾಕಾ, ಅದಕ್ಕೂ ಉಸಿರು ಇರ್ತದ. ಉಸಿರು ಕಟ್ಟಿ ಸತ್ತಾವ."

ಹೊಸ್ತಿಲ ಮೇಲೆ ಕೂತಿದ್ದ ಮರೆಮ್ಮ ಅದನ್ನು ಕೇಳಿ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಭೀಮಶಾ ಒಳಗೆ ಓಡಿ ಪಂಪು ತಂದು ಅವಳ ಬಾಯಿಗೆ ಹಿಡಿದ. ಹಾಜಿಮಲಂಗ್ ತಲೆ ತಗ್ಗಿಸಿ, ತಾನು ಅಂದು ಒಮ್ಮೆ ಬಂದು ನೋಡಿದ್ದರೆ ಚೆನ್ನಾಗಿತ್ತು ಎಂದು ಯಾರಿಗೂ ಕೇಳದ ಹಾಗೆ ಹೇಳಿಕೊಂಡು ಹೊರಟುಹೋದ.

ಬೇವು ಎರಡೂ ಇನ್ನೂ ಹಸಿರಾಗಿದ್ದವು. ಅವನ್ನಾದರೂ ಉಳಿಸಬೇಕೆಂದು ಭೀಮಶಾ ಬೇವಿನ ಬದಿಯಲ್ಲಿ ಮಣ್ಣು ತೋಡಿ, ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು, ತಳಕ್ಕೆ ಹಾರೆ ಎತ್ತಿದ. ಒಡೆಯುವುದು ಆತನ ಕೈಗೆ ಗೊತ್ತಿರಲಿಲ್ಲ. ಮೊದಲ ನಾಲ್ಕಾರು ಏಟು ತಾನಾಗಿಯೇ ಮೆತ್ತಗೆ ಬಿದ್ದವು. ಆಮೇಲೆ ಹಲ್ಲು ಕಚ್ಚಿ ಹೊಡೆದ. ಕಲ್ಲು ಸೀಳಿತು. ನೀರು ಗುಳುಗುಳು ಎಂದು ನಾಲ್ಕು ಬೆರಳು ಇಳಿಯಿತು, ನಿಂತಿತು. ಕೆಳಗೆ ಇನ್ನೊಂದು ಪದರು. ಅದನ್ನೂ ಒಡೆದ. ಮತ್ತೆ ನಾಲ್ಕು ಬೆರಳು, ಮತ್ತೆ ಪದರು. ಆ ನೆಲದಲ್ಲಿ ಒಂದರ ಕೆಳಗೆ ಇನ್ನೊಂದು ಪದರು ಯಾವಾಗಲೂ ಇರುತ್ತದೆ ಎಂಬ ನಂಬಿಕೆಯ ಮೇಲೆಯೇ ಆತ ನಲವತ್ತು ವರ್ಷ ಉಂಡಿದ್ದ, ಮಗಳ ಮದುವೆ ಮಾಡಿದ್ದ. ಮೂರನೆಯ ಪದರು ಒಡೆದಾಗ ಕೆಳಗಿನ ಸಂದಿಯಿಂದ ನೀರೇ ಮೇಲಕ್ಕೆ ಬಂತು. ಸುತ್ತಲಿನ ಖಣಿಗಳೆಲ್ಲ ತುಂಬಿ ನಿಂತಿರುವಾಗ ನೀರು ಹೋಗುವುದಾದರೂ ಎಲ್ಲಿಗೆ? ಭೀಮಶಾ ಹಾರೆ ಅಲ್ಲೇ ಬಿಟ್ಟು ಮೇಲೆ ಬಂದು ಕೂತ. ಮರೆಮ್ಮ ಆತನ ಕಾಲಿನ ಕೆಸರು ತೊಳೆಯಲು ತಂಬಿಗೆ ತಂದಿಟ್ಟಳು. ಬಗ್ಗಿ ತೊಳೆಯುವಷ್ಟು ಅವಳಿಗೆ ದಮ್ಮಿರಲಿಲ್ಲ.

ದಸರೆಗೆ ಬೇವೂ ಹೋದವು.

ಚಳಿಗಾಲದಲ್ಲಿ ಗುಂಡಿ ಆರಿದ ಮೇಲೆ ಭೀಮಶಾ ಸುಮ್ಮನೆ ಕೂರಲಿಲ್ಲ. ಹನ್ನೊಂದರ ತಳವನ್ನೂ ಒಡೆದ, ಒಳಗೆ ಜಲ್ಲಿ ತುಂಬಿದ, ಹೊಸ ನುಗ್ಗೆ ಹಚ್ಚಿದ. ಈಗ ಹಾಕಿದ ನೀರು ಹಾಕಿದ ಹಾಗೆಯೇ ಸಂದಿಗಳಲ್ಲಿ ಇಳಿದುಹೋಗುತ್ತಿತ್ತು. ದಿನಕ್ಕೆ ಎರಡು ಕೊಡ ಹಾಕಿದರೂ ಗುಂಡಿ ಒಣ ಒಣ. ಟ್ಯಾಂಕರ್ ವಾರಕ್ಕೊಮ್ಮೆ. ಮಾರ್ಚಿನಲ್ಲಿ ಬಿಸಿಲು ಏರಿದಾಗ ಗೇಣುದ್ದದ ಸಸಿಗಳು ಸೊರಗಿ ಕಡ್ಡಿಯಾದವು. ನಿಂತ ನೀರಿನಲ್ಲಿ ಒಮ್ಮೆ, ನೀರಿಲ್ಲದೆ ಒಮ್ಮೆ. ಆ ನೆಲಕ್ಕೆ ಭೀಮಶಾನ ಮೇಲೆ ಅದೇನು ಸಿಟ್ಟಿತ್ತೋ. ಸಿಟ್ಟಿಲ್ಲ ಎನ್ನುವುದೇ ನಿಜ. ಕಲ್ಲು ಕಲ್ಲಾಗಿಯೇ ಇತ್ತು, ಆತನೇ ಅದರಿಂದ ಬೇರೇನೋ ಕೇಳಿದ.

ಅಂಬಿಕಾ ಬಂದಳು. ತಾಯಿಯ ಮುಖ ನೋಡಿ, ಒಂದು ರಾತ್ರಿಯೂ ಉಳಿಯದೆ ಬಟ್ಟೆ ಕಟ್ಟತೊಡಗಿದಳು.

"ಅಪ್ಪಾ, ಈ ಸಲ ಮಳಿ ಬಿದ್ರೂ ಕಳಿಸಂಗಿಲ್ಲ ನಾ. ಅವ್ವ ಅಲ್ಲೇ ಇರ್ಲಿ. ನೀನೂ ಬಂದುಬಿಡು."

"ನನಗ ಖಣಿ ಬಿಟ್ಟು ಎಲ್ಲಿ ಬರ್ಲಿಕ್ಕಿ ಆಗ್ತದವ್ವಾ," ಎಂದ ಭೀಮಶಾ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಜೂನಿಗೆ ಮತ್ತ ಹಚ್ತೀನಿ. ಈಗ ಗೊತ್ತಾಗ್ಯಾದ ಹ್ಯಾಂಗ ಮಾಡಬೇಕಂತ. ಎರಡು ವರ್ಷ, ಅಷ್ಟೆ," ಎಂದ.

ಮರೆಮ್ಮ ಹೊಸ್ತಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಉಸಿರು ಎಳೆದುಕೊಳ್ಳಲು ಒಮ್ಮೆ ನಿಂತಳು.

"ಹಚ್ಚರಿ. ಖರೆ, ಎರಡು ವರ್ಷ ನಾ ಎಲ್ಲಿಂದ ತರ್ಲಿರಿ?"

ಅದರಲ್ಲಿ ದೂರು ಇರಲಿಲ್ಲ. ಅದೇ ಭೀಮಶಾನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದ. ಟಂಟಂ ಬಂತು, ಇಬ್ಬರೂ ಹತ್ತಿದರು. ಆತ ರಸ್ತೆಯವರೆಗೂ ಹಿಂದೆ ನಡೆದು ಹೋಗಿ, ಧೂಳು ಕೂತ ಮೇಲೆ ತಿರುಗಿ ಬಂದ.

ಮೇ ತಿಂಗಳ ಹದಿನೇಳಕ್ಕೆ ಬೆಳಿಗ್ಗೆ ಅಳಿಯ ರಮೇಶಕುಮಾರನ ಫೋನು ಬಂತು. ಭೀಮಶಾ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಚಿಮ್ಮನಚೋಡ ಮುಟ್ಟುವಾಗ ಮಧ್ಯಾಹ್ನ. ಮರೆಮ್ಮನನ್ನು ಆ ಬೇವಿನ ಮರದ ಕೆಳಗೆ ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆಗೆ ವಿಭೂತಿ ಬಳಿದು. ಆತ ಎದುರು ಕೂತು, ಅವಳ ಎದೆಯನ್ನೇ ನೋಡಿದ. ಹತ್ತು ವರ್ಷ ಆ ಎದೆಯ ಸದ್ದು ಕೇಳಿ ಕೇಳಿ ರೂಢಿಯಾಗಿದ್ದ ಕಿವಿಗೆ ಈಗ ಏನೂ ಕೇಳಿಸದೆ ದಿಕ್ಕು ತಪ್ಪಿದಂತಾಯಿತು. ಅಂಬಿಕಾ ಬಂದು ಅಪ್ಪನ ಹೆಗಲಿಗೆ ಬಿದ್ದು ಅತ್ತಳು. ಆತನಿಗೆ ಅಳು ಬರಲಿಲ್ಲ.

ಅವರಲ್ಲಿ ಮಣ್ಣು ಕೊಡುವ ರೂಢಿ. ಹೆಣ್ಣಿಗೆ ಗಂಡನ ಮನೆಯ ಕಡೆಯೇ ಮಣ್ಣಾಗಬೇಕು, ಮಗಳ ಊರಿನಲ್ಲಲ್ಲ. ಹಿರಿಯರು ನಾಲ್ಕು ಜನ ಅದನ್ನೇ ಮಾತಾಡಿಕೊಂಡು ರಮೇಶಕುಮಾರನನ್ನು ಮುಂದೆ ಮಾಡಿದರು.

"ಮಾವ, ಗಾಡಿ ಹೇಳೀನ್ರಿ. ಶಹಾಬಾದಕ್ಕ ಒಯ್ಯೋಣೇನು? ನಿಮ್ಮ ಮನಿ ಅಂಗಳದಾಗೇ ಮಾಡ್ತೀರೋ, ಹ್ಯಾಂಗ? ಕಲ್ಲು ಭೂಮಿ ಅಂತಾರ, ತೋಡ್ಲಿಕ್ಕಿ ಹೊತ್ತು ಹಿಡೀಬಹುದು."

"ತೋಡೋದು ಬೇಕಿಲ್ಲ. ಗುಂಡಿ ಅದಾವ," ಎಂದುಬಿಟ್ಟ ಭೀಮಶಾ.

ಎಲ್ಲರೂ ಆತನ ಮುಖ ನೋಡಿದರು. ಪಡುವಣ ಗೋಡೆಯ ನಡುವಿನ ಗುಂಡಿ ಆತನ ಕಣ್ಣ ಮುಂದೆ ಬಂತು. ಅವಳು ಚಾಪೆ ಹಾಸಿಕೊಂಡು ಮಲಗುತ್ತಿದ್ದ ಜಾಗಕ್ಕೆ ಒಂದು ಮಾರು. ಎರಡು ಗುಂಡಿಯ ಮಣ್ಣು, ಜಲ್ಲಿ ತೆಗೆದು ನಡುವಿನ ಕಲ್ಲು ಎಬ್ಬಿಸಿದರೆ ಉದ್ದ ಸಾಕಾಗುತ್ತದೆ, ಮೂರು ನಾಲ್ಕು ತಾಸಿನ ಕೆಲಸ. ಮನೆಯಲ್ಲೇ ಇರುತ್ತಾಳೆ. ಬೇಸಿಗೆ, ಚಳಿ, ಮಳೆ ಎಲ್ಲಕ್ಕೂ ಇರುತ್ತಾಳೆ. ಅಲ್ಲಿಯವರೆಗೆ ಬಂದ ಆತನ ಲೆಕ್ಕ ಮಳೆಯ ಹತ್ತಿರ ನಿಂತುಹೋಯಿತು.

"ಬ್ಯಾಡ," ಎಂದ. "ಆಗಸ್ಟದಾಗ ಅಲ್ಲಿ ನೀರು ನಿಲ್ತಾವ. ಇಲ್ಲೇ ಇರ್ಲಿ."

ರಮೇಶಕುಮಾರನಿಗೆ ಅದೇನೆಂದು ತಿಳಿಯಲಿಲ್ಲ. ಆದರೂ ಗಂಡನೇ ಹಾಗೆಂದ ಮೇಲೆ ಹಿರಿಯರು ರೂಢಿಯ ಮಾತು ಬಿಟ್ಟರು, ಆತ ತನ್ನ ಹೊಲದ ಬದುವಿಗೆ ಇಬ್ಬರನ್ನು ಸನಿಕೆ, ಹಾರೆ ಕೊಟ್ಟು ಕಳಿಸಿದ. ಭೀಮಶಾ ಅವರ ಹಿಂದೆಯೇ ಹೋಗಿ ದಂಡೆಗೆ ಕುಕ್ಕರಗಾಲಲ್ಲಿ ಕೂತ. ಕೆಂಪು ಮಣ್ಣು. ಒಬ್ಬ ಹಾರೆ ಹಾಕುತ್ತಿದ್ದ, ಇನ್ನೊಬ್ಬ ಎತ್ತಿ ಹಾಕುತ್ತಿದ್ದ. ಮೊಣಕಾಲುದ್ದ ಇಳಿಯಿತು, ಸೊಂಟದುದ್ದ ಇಳಿಯಿತು. ಪ್ರತಿ ಸಲ ಹಾರೆ ಬೀಳುವಾಗಲೂ ಭೀಮಶಾ ಸದ್ದಿಗಾಗಿ ಕಿವಿಗೊಟ್ಟು ಕಾದ. ತೋಡುವವರು ಎದೆಯುದ್ದ ಇಳಿದು ಸಾಕೆಂದು ಮೇಲೆ ಬಂದರು. ಒಂದು ಸಲವೂ ಕಲ್ಲು ತಾಗಲಿಲ್ಲ.